ಹ್ಯಾಸ್ ಅನ್ನು ಹ್ಯಾಡ್ ಮಾಡಿದವರಿಗೆ

ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ನೆಲೆಸಿ, ಕೇಳದಿದ್ದರೂ ಇಂಗ್ಲಿಷ್ ವಾಕ್ಯಗಳನ್ನು ತಿದ್ದುತ್ತಿರುವ ವ್ಯಾಕರಣ ತಂತ್ರಾಂಶದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಇರುವವರೆಗೆ ತಮಗೆ ಕ್ಷೇಮದ ಕೊರತೆಯಿಲ್ಲ. ನಾನು ಔಷಧಿಗಳನ್ನು ತಂಪಾಗಿಡುವ ಒಂದು ಉಗ್ರಾಣದ ದಾಖಲೆ ಗುಮಾಸ್ತ. ನನ್ನ ವಾಕ್ಯಗಳ ಅಡಿಯಲ್ಲಿ ತಾವು ಎಳೆಯುವ ಹಸಿರು ಗೆರೆಗೆ, ಶಾಲೆಯ ಮೇಷ್ಟರ ಕೆಂಪು ಶಾಯಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆರು ವರ್ಷಗಳಿಂದ ಹೆದರುತ್ತ ಬಂದವನು.

"ಇಫ್" ಎಂಬ ಪುಟ್ಟ ಪದದ ಬೆನ್ನಿಗೆ ನಾಲ್ಕು ಬಗೆಯ ವಾಕ್ಯಗಳಿವೆಯೆಂದೂ ಅವುಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆಂದೂ ತಮ್ಮಿಂದಲೇ ಕಲಿತೆ. ಸದಾ ನಡೆಯುವುದಕ್ಕೆ ಸೊನ್ನೆಯದು, ನಡೆಯಬಹುದಾದದ್ದಕ್ಕೆ ಒಂದನೆಯದು, ಬರೀ ಊಹೆಗೆ ಎರಡನೆಯದು, ಕೈಮೀರಿ ಹೋದದ್ದಕ್ಕೆ ಮೂರನೆಯದು. ನಾಳೆಯ ಊಹೆಗೆ ನಿನ್ನೆಯ ಕ್ರಿಯಾಪದ ತೊಡಿಸುವ ಈ ಜಾಣ್ಮೆಯಾಗಲಿ, "ನಾನು" ಎಂಬ ಒಂಟಿ ಮನುಷ್ಯ ಊಹೆಗಿಳಿದ ಕೂಡಲೇ "ವಾಸ್" ಬಿಟ್ಟು "ವರ್" ಎಂಬ ಬಹುವಚನಕ್ಕೆ ಬಡ್ತಿ ಪಡೆಯುವ ಈ ಔದಾರ್ಯವಾಗಲಿ ನಮ್ಮಲ್ಲಿಲ್ಲ. ನಾವು "ರೆ" ಎಂಬ ಒಂದೇ ಅಕ್ಷರದಲ್ಲಿ ಸಂಸಾರ ತೂಗಿಸುವವರು.

ಕಳೆದ ತಿಂಗಳು ನಮ್ಮ ಎರಡನೇ ಕೋಣೆಯ ತಂಪು ಸೋರಿಹೋಗಿ ಔಷಧಿ ಕೆಟ್ಟಿತು. ಆ ಕೋಣೆಯ ಬಾಗಿಲು ಇಪ್ಪತ್ತಾರು ವರ್ಷಗಳಿಂದ ತಂಪಣ್ಣನ ಜವಾಬ್ದಾರಿ. ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಬಾಗಿಲು ಹಾಕಿದ ಮೇಲೆ ಅವನು ಅದನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಾನೆ, ಮಗುವಿನ ಬೆನ್ನು ತಟ್ಟಿ ಮಲಗಿಸಿದ ಹಾಗೆ. ವಿಚಾರಣೆಯಲ್ಲಿ ಪ್ಯಾಕಿಂಗ್ ವಿಭಾಗದ ಅಕ್ಕ ಹೇಳಿದ್ದು ಇಷ್ಟೇ: "ತಂಪಣ್ಣ ಬಾಗಿಲು ಹಾಕಿದ್ರೆ ತಂಪು ಅಲ್ಲಿಂದ ಹೋಗಿರಲ್ಲ ಸಾರ್. ಬೇರೆ ಕಡೆ ನೋಡಿ."

ಮುಖ್ಯ ಕಚೇರಿಗೆ ಕಳಿಸುವ ಇಂಗ್ಲಿಷ್ ನಮೂನೆಯಲ್ಲಿ ಸಾಕ್ಷಿಯ ಮಾತಿಗೆ ಒಂದು ವಾಕ್ಯಕ್ಕಷ್ಟೇ ಜಾಗವಿತ್ತು. ನಾನು "ಇಫ್ ಹೀ ಹ್ಯಾಸ್ ಶಟ್ ದ ಡೋರ್" ಎಂದು ಆರಂಭಿಸಿ, ತಂಪು "ವಿಲ್ ನಾಟ್ ಹ್ಯಾವ್ ಗಾನ್" ಎಂದು ಮುಗಿಸಿದೆ. ತಕ್ಷಣ ಹಸಿರು ಗೆರೆ ಬಂತು. ಹ್ಯಾಸ್ ಇದ್ದಲ್ಲಿ ಹ್ಯಾಡ್, ವಿಲ್ ಇದ್ದಲ್ಲಿ ವುಡ್ ಇಡಬೇಕೆಂದು ತಾವು ಸಲಹೆಯಿತ್ತಿರಿ. ಊಟದ ಹೊತ್ತಾಗಿತ್ತು, ನಾನು "ಒಪ್ಪಿಗೆ" ಗುಂಡಿ ಒತ್ತಿ, ನಮೂನೆ ಕಳಿಸಿ, ಕೈ ತೊಳೆಯಲು ಹೋದೆ. "ಹಾಕಿರಬೇಕು, ಬೇರೆ ಕಡೆ ನೋಡಿ" ಎಂದಿದ್ದ ಮಾತು, ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ "ಹಾಕಲೇ ಇಲ್ಲ, ಅದಕ್ಕೇ ಹೀಗಾಯಿತು" ಎಂದಾಗಿ ಮುಖ್ಯ ಕಚೇರಿ ತಲುಪಿತ್ತು. ಇಂಗ್ಲಿಷ್ ಬಿಟ್ಟು ಬೇರೇನೂ ಓದದ ಅವರು ಅದನ್ನು ಅತ್ಯಂತ ಸರಿಯಾಗಿ ಓದಿದರು. ಎರಡೇ ದಿನಗಳಲ್ಲಿ ತಂಪಣ್ಣನ ಅಮಾನತು ಆದೇಶ ಬಂತು. ಗುರುವಾರದ ಅಂತಿಮ ವಿಚಾರಣೆಯಲ್ಲಿ ಅವನ ಕೆಲಸ ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗಲಿದೆ.

ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಅವನು ಕೇಳಿದ್ದು ಕೆಲಸದ ವಿಚಾರವನ್ನಲ್ಲ. "ಅಕ್ಕ ನನ್ನ ಮೇಲೆ ಹಂಗಂದ್ಲಾ ಸಾರ್?" ಎಂದ. ಆ ಮಧ್ಯಾಹ್ನವೇ ಅಕ್ಕ ಬಂದು ಮೇಜು ಕುಟ್ಟಿದಳು: "ನಾನು 'ಹಾಕಿದ್ರೆ' ಅಂದ್ರೆ ನೀವು 'ಹಾಕಿದ್ರೆ' ಅಂತ ಬರ್ದುಬಿಟ್ರಲ್ಲ ಸಾರ್!" ಎರಡು "ಹಾಕಿದ್ರೆ"ಗಳಲ್ಲಿ ಯಾವುದು ಯಾವುದೆಂದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ತಿಳಿದಿತ್ತು. ತಮಗೊಬ್ಬರಿಗೆ ತಿಳಿಯಲಿಲ್ಲವೆಂದು ದೂರುವುದು ನನ್ನ ಉದ್ದೇಶವಲ್ಲ. ತಾವು ಸಲಹೆ ಕೊಟ್ಟಿರಿ, ಅಷ್ಟೇ. ಗುಂಡಿ ಒತ್ತುವುದು ನನ್ನ ಹಳೆಯ ಸ್ವಭಾವ. ತಾವು ಬರುವ ಮುಂಚೆ ಗುಂಡಿ ಇರಲಿಲ್ಲ, ಬರೀ ತಲೆಯಾಡಿಸುತ್ತಿದ್ದೆ.

ಆದ್ದರಿಂದ ಸವಿನಯ ಪ್ರಾರ್ಥನೆ: ಗುರುವಾರ ತಾವೇ ಖುದ್ದಾಗಿ ವಿಚಾರಣೆಗೆ ಬಂದು, ಕುರ್ಚಿಯಲ್ಲಿ ಕುಳಿತು, ಆ ಬಾಗಿಲನ್ನು ತಾವು ಒಮ್ಮೆಯೂ ಕಂಡಿಲ್ಲವೆಂದು ಸಾಕ್ಷಿ ನುಡಿಯಬೇಕು. ಬಿಡುವಿದ್ದಲ್ಲಿ, ಮಾಡಬೇಕಾದ ಕೆಲಸವನ್ನು ನಿಜಕ್ಕೂ ಮಾಡಿದವರಿಗಾಗಿ ಐದನೆಯ ಬಗೆಯ ವಾಕ್ಯವೊಂದನ್ನು ರಚಿಸಿಕೊಡಬೇಕು; ಅದರಲ್ಲಿ ಸಂಶಯವು ತಂಪಣ್ಣನನ್ನು ಬಿಟ್ಟು ಮೊದಲು, ತಂಪು ಸೋರದಂತೆ ತಡೆಯಬೇಕಿದ್ದ, ಈವರೆಗೆ ಯಾರೂ ನೋಡದ ಬಾಗಿಲಂಚಿನ ಬಿರುಕುಬಿಟ್ಟ ರಬ್ಬರನ್ನು ವಿಚಾರಿಸಿಕೊಳ್ಳುವಂತಿರಲಿ.

ತಮ್ಮ ಸಲಹೆಯನ್ನು ಓದದೆ ಒಪ್ಪಿಕೊಂಡ,
ತಮ್ಮ ವಿಶ್ವಾಸಿ,
ದಾಖಲೆ ಗುಮಾಸ್ತ

ತಾ.ಕ.: ಇಂದು ಬೆಳಿಗ್ಗೆ ವಿಚಾರಣಾ ಸಮಿತಿಗೆ ನನ್ನ ತಪ್ಪೊಪ್ಪಿಗೆಯನ್ನು ಇಂಗ್ಲಿಷಿನಲ್ಲಿ ಬರೆದೆ. ಸಾಕ್ಷಿಯ ಮಾತನ್ನು ಕೆಡಿಸಿದವನು ನಾನು, ಒತ್ತುವ ಮುನ್ನ ಓದಿದ್ದರೆ ತಂಪಣ್ಣ ಇವತ್ತು ಬಾಗಿಲ ಬಳಿ ಇರುತ್ತಿದ್ದ, ಎಂದು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಹಸಿರು ಗೆರೆ ಬರಲಿಲ್ಲ; "ಯಾವ ತಪ್ಪೂ ಕಂಡುಬಂದಿಲ್ಲ" ಎಂದು ತೋರಿಸಿದಿರಿ. ಈ ಮಾತನ್ನು ತಂಪಣ್ಣನ ಕಡತದ ಮೇಲೆ ಬರೆಯುವ ಸೌಲಭ್ಯ ತಮ್ಮಲ್ಲಿದ್ದರೆ ತಿಳಿಸಿ. ಈ "ಇದ್ದರೆ" ಎಷ್ಟನೆಯ ಬಗೆಯದೆಂಬುದನ್ನು ತಮಗೇ ಬಿಟ್ಟಿದ್ದೇನೆ.