ಕಿಣ್ವ ಕೈಕೊಟ್ಟ ದಿನಗಳು

ಕೆಲವರಿಗೆ ಜಾತಕದಲ್ಲಿ ಶನಿ ಕಾಟ ಇರುತ್ತೆ, ನನಗೆ ಕಿಣ್ವದ ಕಾಟ. ಯಲಹಂಕದ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಯಾವಾಗ ಮುಗಿಯುತ್ತೆ ಅಂತ ಕೇಳೋದನ್ನ ಮನೆಯವರು ಬಿಟ್ಟಾಗಿದೆ. ನನ್ನ ಕೆಲಸವೆಲ್ಲ ಕೈನೇಸ್ ಅನ್ನೋ ಕಿಣ್ವದ ಜೊತೆ. ಮನುಷ್ಯರ ಜೀನನ್ನ ಕೀಟದ ಜೀವಕೋಶಕ್ಕೆ ಸೇರಿಸಿ ತಯಾರು ಮಾಡಿದ ಪ್ರೋಟೀನ್ ಅದು. ಗಡಗಡ ನಡುಗೋ ಚಳಿಯಲ್ಲಿಟ್ಟರೆ ಉಳಿಯುತ್ತೆ, ಸ್ವಲ್ಪ ಬಿಸಿ ತಾಗಿದರೆ ಕೆಟ್ಟುಹೋಗುತ್ತೆ. ಬೆಂಗಳೂರಲ್ಲಿ ಅದು ಕೆಡೋದಕ್ಕೆ ನೆಪಗಳಿಗೇನೂ ಬರ ಇಲ್ಲ.

ಪಕ್ಕದ ಮನೆ ಆಂಟಿ

ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆ ಆಂಟಿ, ನಾನು ಪ್ರೋಟೀನ್ ಮೇಲೆ ಕೆಲಸ ಮಾಡೋದು ಅಂತ ತಿಳಿದು, ಜಿಮ್‌ಗೆ ಹೋಗೋ ಮಗನಿಗೆ ಒಂದು ಡಬ್ಬ ತಂದುಕೊಡು ಅಂದರು. ಅದು ತಿನ್ನೋದಲ್ಲ ಅಂತ ಕೂರಿಸಿಕೊಂಡು ವಿವರಿಸಿದೆ. ಜೀವಕೋಶದ ಹೊರಗೆ ಏನಾದರೂ ಆದರೆ ಆ ಸುದ್ದಿ ಒಳಗೆ ಮುಟ್ಟಬೇಕು, ಒಬ್ಬರಿಂದ ಒಬ್ಬರಿಗೆ ಅದನ್ನ ದಾಟಿಸೋದೇ ಈ ಕೈನೇಸ್‌ಗಳ ಕೆಲಸ ಅಂದೆ. ಆಂಟಿ ಬಹಳ ಮರುಕದಿಂದ ನನ್ನನ್ನ ನೋಡಿದರು.

"ಇದಕ್ಕೆ ಇಷ್ಟು ವರ್ಷ ಓದ್ಬೇಕೇನಮ್ಮಾ? ನಮ್ಮ ಮೂರನೇ ಮಹಡಿಯವರು ಎಸ್ಸೆಸ್ಸೆಲ್ಸಿ ಫೇಲು. ಎಷ್ಟು ಚೆನ್ನಾಗಿ ಮಾಡ್ತಾರೆ."

ಒಳ್ಳೇ ಫಲಿತಾಂಶ

ಒಮ್ಮೆ ಪ್ರಯೋಗ ಅದ್ಭುತವಾಗಿ ಬಂತು. ಕಿಣ್ವ ಕೆಲಸ ಮಾಡಿದರೆ ಟ್ಯೂಬು ಬೆಳಗಬೇಕು; ಕಿಣ್ವ ಹಾಕಿದ ಟ್ಯೂಬುಗಳೆಲ್ಲ ಬೆಳಗಿದವು. ಖುಷಿಯಲ್ಲಿ ಗೈಡ್ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ, ಕಿಣ್ವ ಹಾಕದೇ ಬಿಟ್ಟ ಟ್ಯೂಬು ಎಲ್ಲಿ ಅಂತ ಕೇಳಿದರು. ಅದೂ ಅಷ್ಟೇ ಬೆಳಗಿತ್ತು.

"ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ," ಅಂದು ನಿಟ್ಟುಸಿರು ಬಿಟ್ಟರು.

ಹೇಳುವಾಗ ನನ್ನ ಮುಖ ನೋಡ್ತಿದ್ದರು. ಕಿಣ್ವದ ಬಗ್ಗೆನೇ ಹೇಳಿದ್ದು ಅಂತ ನಂಬಿಕೊಂಡು ಬದುಕ್ತಿದ್ದೀನಿ.

ಪಾರ್ಸಲ್ ಬಂತು

ಕೊನೆಗೆ ವಿದೇಶದಿಂದ ಹೊಸ ಕಿಣ್ವ ತರಿಸಿದೆವು. ನನ್ನ ಥೀಸಿಸ್‌ನ ಕೊನೆ ಅಧ್ಯಾಯ ಅದರ ಮೇಲೇ ನಿಂತಿತ್ತು. ಪಾರ್ಸಲ್ ಬಂತು ಅಂತ ಗೇಟಿನಿಂದ ಫೋನ್ ಬಂದಾಗ ನಾನು ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಿಬಿದ್ದಿದ್ದೆ. ಹಾಗೇ ಇಟ್ಟಿರಿ, ಬಂದೆ ಅಂದೆ.

ಹೋಗಿ ನೋಡಿದರೆ ಥರ್ಮೋಕೋಲ್ ಡಬ್ಬ ಬಾಯಿ ತೆರೆದು ಬಿದ್ದಿದೆ, ಸುತ್ತ ನೀರು. ಒಳಗೆ ತಣ್ಣಗಿರಲಿ ಅಂತ ಡ್ರೈ ಐಸ್ ತುಂಬಿ ಕಳಿಸಿರ್ತಾರೆ, ಅದರಿಂದ ಬಿಳೀ ಹೊಗೆ ಏಳುತ್ತೆ. ಬಾಗಲಕೋಟೆ ಕಡೆಯ ನಮ್ಮ ಸೆಕ್ಯೂರಿಟಿಯವರು ಅದನ್ನ ಕಂಡಿದ್ದರು.

"ಡಬ್ಬಿಯಾಗ ಬೆಂಕಿ ಹತ್ತಿತ್ರಿ ಮೇಡಂ. ನೀರ ಹಾಕಿದಂಗ ಹೊಗಿ ಜಾಸ್ತಿನ ಆತು. ಬಿಡಲಿಲ್ಲ ನಾನು, ಪೂರಾ ಆರಿಸೀನಿ."

ಒಳಗಿದ್ದ ಪುಟ್ಟ ಟ್ಯೂಬು ಎಲ್ಲಿ ಅಂತ ಕ್ಷೀಣವಾಗಿ ಕೇಳಿದೆ.

"ತೊಯ್ದಿತ್ರಿ ಪಾಪ. ಬಿಸಿಲಿಗೆ ಇಟ್ಟೀನಿ."

ಕಾಂಪೌಂಡ್ ಗೋಡೆ ಮೇಲೆ, ಅವರ ಸಾಕ್ಸ್ ಪಕ್ಕ, ನನ್ನ ಥೀಸಿಸ್ ಒಣಗ್ತಿತ್ತು. ಅವರು ಅಷ್ಟು ಕಳಕಳಿಯಿಂದ ನೋಡ್ತಿದ್ದರೆ ಬೈಯೋದಾದರೂ ಹೇಗೆ? ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರೇ ಚಹಾ ತಂದುಕೊಟ್ಟರು.

ಸಂಸ್ಥೆಯ ಅಗ್ನಿ ಸುರಕ್ಷತಾ ಸಮಿತಿಗೆ ಈ ಸುದ್ದಿ ಅರ್ಧ ಮಾತ್ರ ಮುಟ್ಟಿತು. ಸಮಯಪ್ರಜ್ಞೆ ಮೆರೆದು ಪ್ರಯೋಗಾಲಯವನ್ನು ಕಾಪಾಡಿದ್ದಕ್ಕೆ ಸೆಕ್ಯೂರಿಟಿಯವರಿಗೆ ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯ್ತು. ಬೆಂಕಿಯಿಂದ ಪಾರಾದವಳು ಅಂತ ವಂದನಾರ್ಪಣೆ ನನ್ನ ಕೈಲಿ ಮಾಡಿಸಿದರು.