ತುಪ್ಪದ ಡಬ್ಬಿಗೆ ಕೀಲಿ

ಮೂಡಲಗಿಯ ಶಿವಪುತ್ರನ ಮನೆಯಲ್ಲಿ ಬಂಗಾರಕ್ಕೆ ಕೀಲಿ ಇರಲಿಲ್ಲ. ಇದ್ದಷ್ಟು ಬಂಗಾರ ಹೆಂಡತಿ ಪದ್ಮಶ್ರೀಯ ಮೈಮೇಲೇ ಇತ್ತು. ಕೀಲಿ ಬಿದ್ದದ್ದು ತುಪ್ಪದ ಡಬ್ಬಿಗೆ. ಡಬ್ಬಿಯನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು, ಟ್ರಂಕಿಗೆ ಕೀಲಿ ಜಡಿದು, ಕೀಲಿಕೈಯನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡು ಅವನು ಕೆಲಸಕ್ಕೆ ಹೋದ ದಿನ, ತಾಯಿ ಅಲ್ಲವ್ವ ಕೈಯಲ್ಲಿ ಸೌಟು ಹಿಡಿದು ಆ ಟ್ರಂಕನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಅರವತ್ತು ವರ್ಷದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ.

ಇದಕ್ಕೆಲ್ಲ ಮೂಲ ಗೋಕಾಕದ ಆಸ್ಪತ್ರೆಯ ತೂಕದ ಯಂತ್ರ. ಪದ್ಮಶ್ರೀಗೆ ಆಗ ಐದು ತಿಂಗಳು ತುಂಬಿತ್ತು. ಶಿವಪುತ್ರ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸವನ್ನು ಅಳೆಯುವವನು, ಬಿ.ಎಸ್ಸಿ. ಓದಿದವನು. ಅಳತೆಯ ಗೆರೆಯನ್ನು ನೇರವಾಗಿ ನೋಡಿ ಓದಬೇಕು, ಓರೆಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ ಎಂಬುದು ಅವನ ಬಾಳಿನ ಮೂಲಮಂತ್ರ. ಆಸ್ಪತ್ರೆಯ ನರ್ಸಿನ ಕಣ್ಣಿನ ಮೇಲೆ ಅವನಿಗೆ ವಿಶ್ವಾಸ ಬರಲಿಲ್ಲ. ತನ್ನ ಹೆಗಲಲ್ಲಿದ್ದ ಚೀಲವನ್ನು ಹೆಂಡತಿಯ ಹೆಗಲಿಗೆ ದಾಟಿಸಿ, ಯಂತ್ರದ ಮುಳ್ಳಿಗೆ ನೆಟ್ಟಗೆ ಬಾಗಿ ತಾನೇ ತೂಕ ಓದಿದ. ಪದ್ಮಶ್ರೀ ಏನೋ ಹೇಳಲು ಬಾಯಿ ತೆರೆದಳು. “ಮಾತಾಡಬ್ಯಾಡ, ಮುಳ್ಳು ಅಲುಗತೈತಿ” ಎಂದು ಸುಮ್ಮನಾಗಿಸಿದ.

ತೂಕ ಒಂದೇ ತಿಂಗಳಲ್ಲಿ ನಾಲ್ಕು ಕಿಲೋ ಏರಿತ್ತು. ಡಾಕ್ಟರ್ ಸುವರ್ಣಾ ಅವರು, ಸ್ವಲ್ಪ ಹೆಚ್ಚಾಯಿತು, ಎಣ್ಣೆ-ತುಪ್ಪ ನೋಡಿಕೊಂಡು ತಿನ್ನಲಿ ಎಂದರು. ಅವರು ಹೇಳಿದ್ದು ಒಂದು ಮಾತು. ಬಸ್ಸು ಮೂಡಲಗಿ ಮುಟ್ಟುವಷ್ಟರಲ್ಲಿ ಅದು ಶಿವಪುತ್ರನ ತಲೆಯಲ್ಲಿ ಒಂದು ಶಾಸ್ತ್ರವಾಗಿ ಬೆಳೆದಿತ್ತು.

ನಗುವ ಮೊದಲು ಒಂದು ಮಾತು. ಅವನ ಅಕ್ಕ ನಂದಾ ಬಸುರಿಯಾಗಿದ್ದಾಗ ಕಾಲು ಬಾತು, ರಕ್ತದೊತ್ತಡ ಏರಿ, ಹೊತ್ತಲ್ಲದ ಹೊತ್ತಿನಲ್ಲಿ ಬೆಳಗಾವಿಗೆ ಒಯ್ಯಬೇಕಾಗಿತ್ತು. ತಾಯಿ-ಕೂಸು ಇಬ್ಬರೂ ಉಳಿದರು. ಆದರೆ ಆ ಗಾಡಿಯಲ್ಲಿ ಅಕ್ಕನ ಕಾಲ ಹತ್ತಿರ ಕುಳಿತಿದ್ದವನು ಶಿವಪುತ್ರ. ಅವನು ಅದನ್ನು ಯಾರ ಮುಂದೆಯೂ ಆಡುತ್ತಿರಲಿಲ್ಲ, ಕೀಲಿ ಹಾಕುತ್ತಿದ್ದ ಅಷ್ಟೆ.

ಅಂದು ಸಂಜೆ ಪಡಸಾಲೆಯಲ್ಲಿ ಉಪನ್ಯಾಸವಾಯಿತು. ಎಣ್ಣೆ, ತುಪ್ಪ, ಬೆಣ್ಣೆ ಎಲ್ಲದರಲ್ಲೂ ಇರುವುದು ಕೊಬ್ಬಿನ ಆಮ್ಲ. ಅದರಲ್ಲಿ ಎರಡು ಕುಲ: ಪರ್ಯಾಪ್ತ, ಅಪರ್ಯಾಪ್ತ. ತುಪ್ಪ, ಡಾಲ್ಡಾಗಳಲ್ಲಿ ಮೊದಲನೆಯದು ಹೆಚ್ಚು, ಅದು ಹಿಡಿತದಲ್ಲಿರಬೇಕು. ಅಗಸಿ, ಕುಸುಬಿ, ಶೇಂಗಾಗಳಲ್ಲಿ ಎರಡನೆಯದು ಹೆಚ್ಚು. ಅದರಲ್ಲೂ ಅಗಸಿಯಲ್ಲಿ ಒಮೆಗಾ-ಮೂರು, ಕೂಸಿನ ಮಿದುಳಿಗೆ ಬೇಕಾದದ್ದು.

ಅಲ್ಲವ್ವ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. “ಆಮ್ಲ ಅಂದ್ರ ಯಾಸಿಡ್ ಹೌದಲ್ಲೋ, ಸಂಡಾಸ ತೊಳಿಯೂದು? ಅದನ್ನ ಬಸರಿ ಹೆಂಗಸಿಗೆ ಕುಡಸ್ತೀ?”

(ಮರುದಿನ ಓಣಿಯಲ್ಲಿ, ಶಿವಪುತ್ರ ಹೆಂಡತಿಯ ಹೊಟ್ಟೆಯ ಯಾಸಿಡ್ ಅಳೆಯುತ್ತಾನೆ ಎಂಬ ಸುದ್ದಿ ಹಬ್ಬಿತು. ಅವನು ಅದನ್ನು ತಿದ್ದಲು ಹೋಗಲಿಲ್ಲ. ಶಾಸ್ತ್ರ ತಿಳಿದವರು ಎಲ್ಲ ಕಾಲದಲ್ಲೂ ಇಂಥದ್ದನ್ನು ಸಹಿಸಿದ್ದಾರೆ.)

ಉಪನ್ಯಾಸದ ಕೊನೆಗೆ ಅವನು ಆಡಿದ ಮಾತೇ ಪದ್ಮಶ್ರೀಗೆ ನಾಟಿದ್ದು. ಏಳನೇ ತಿಂಗಳಲ್ಲಿ ಕಣಗಲೆಯ ತವರಿನಲ್ಲಿ ಅವಳ ಕುಬಸ, ಅಂದರೆ ಸೀಮಂತ, ಬಳಿಕ ಹೆರಿಗೆಗೂ ಅಲ್ಲೇ ಇರುವುದೆಂದು ಮಾತಾಗಿತ್ತು. ಅವಳ ತಾಯಿ ಸಾತವ್ವನ ಅಡಿಗೆಮನೆಯಲ್ಲಿ ನೀರು ಮುಗಿಯಬಹುದು, ತುಪ್ಪ ಮುಗಿಯುವುದಿಲ್ಲ. ಆದ್ದರಿಂದ ಮುಂದಿನ ತಪಾಸಣೆಯಲ್ಲಿ ಮುಳ್ಳು ಮತ್ತೆ ಮಿತಿ ಮೀರಿದರೆ ಕಣಗಲೆ ರದ್ದು, ಕುಬಸವೂ ಹೆರಿಗೆಯೂ ಮೂಡಲಗಿಯಲ್ಲೇ, ತನ್ನ ಕಣ್ಣೆದುರೇ ಎಂದು ಶಿವಪುತ್ರ ಸಾರಿದ.

“ಮೀರಲಿಲ್ಲಂದ್ರ?” ಎಂದಳು ಪದ್ಮಶ್ರೀ.

“ಮೀರಲಿಲ್ಲಂದ್ರ ನಾನಽ ಬಿಟ್ಟ ಬರ್ತೇನಿ. ನಿಮ್ಮವ್ವ ಏನ್ ನೀಡ್ತಾಳ, ಬಾಯಿ ಮುಚಗೊಂಡು ಉಣ್ತೇನಿ.”

ಅವಳು ಆಯ್ತು ಎಂದಳು. ಅಷ್ಟು ಬೇಗ ಒಪ್ಪುವವಳಲ್ಲ. ಅಲ್ಲೇ ಅವನಿಗೆ ಸಂಶಯ ಬರಬೇಕಿತ್ತು.

ಶಾಸ್ತ್ರಕ್ಕೆ ಮೊದಲ ವಿಘ್ನ ಬಂದದ್ದು ಬುತ್ತಿಯ ರೂಪದಲ್ಲಿ. ಬಸುರಿಗೆ ಬುತ್ತಿ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಹೆಂಗಸರ ಹಕ್ಕು. ಎದುರುಮನೆಯ ಕಾಡವ್ವ ತುಪ್ಪ ಜಿನುಗುವ ಹೋಳಿಗೆ ತಂದಳು. ಹಿಂದಿನ ಓಣಿಯ ಪಾರವ್ವ ಬೇಸನ್ ಉಂಡಿ ತಂದಳು. ಶಿವಪುತ್ರ ತಿರುಗಿ ಕಳಿಸಲು ಹೋದ. ಅಲ್ಲವ್ವ ಅಡ್ಡ ಬಂದಳು. ಬಸುರಿಗೆ ತಂದ ಬುತ್ತಿಯನ್ನು ತಿರುಗಿಸಬಾರದು, ಚೆಲ್ಲಬಾರದು, ಮೂರನೆಯವರ ಬಾಯಿಗೆ ಹಾಕಬಾರದು.

“ಗಂಡ-ಹೆಂಡ್ತಿದ್ದು ಒಂದಽ ಬಾಯಿ. ಆಕಿ ತಿನ್ನಲಿಲ್ಲಂದ್ರ ನೀ ತಿನ್ನು” ಎಂದಳು.

ಶಿವಪುತ್ರ ವಿಚಾರ ಮಾಡಿದ. ಇದು ಸಂಪ್ರದಾಯವನ್ನೂ ಕಾಯುತ್ತದೆ, ವಿಜ್ಞಾನವನ್ನೂ ಕಾಯುತ್ತದೆ. ಅಂದಿನಿಂದ ಬಂದ ಗಂಟನ್ನೆಲ್ಲ ಅವನೇ ಬಿಚ್ಚಿ ಎರಡು ಪಾಲು ಮಾಡತೊಡಗಿದ. ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಮೊಳಕೆಕಾಳಿನ ಪಲ್ಯ, ಮೊಸರು, ರೊಟ್ಟಿ ಪದ್ಮಶ್ರೀಗೆ. ಪರ್ಯಾಪ್ತವೆಂದು ಕಂಡದ್ದೆಲ್ಲ ತನಗೆ. ಕರಿದ ಕರ್ಚಿಕಾಯಿ ಡಾಲ್ಡಾದ್ದೋ ಶೇಂಗಾ ಎಣ್ಣೆಯದ್ದೋ ಎಂಬುದು ತಿನ್ನದೆ ತಿಳಿಯದು, ಒಂದೇ ತಿಂದು ತೀರ್ಮಾನಕ್ಕೆ ಬರುವುದು ಲ್ಯಾಬಿನ ಪದ್ಧತಿಯಲ್ಲ. ಪದ್ಮಶ್ರೀ ಪಕ್ಕದಲ್ಲಿ ಕುಳಿತು ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುತ್ತ, “ಇನ್ನೊಂದು ನೋಡ್ರಿ, ಅದರಾಗ ಬ್ಯಾರೆ ಎಣ್ಣಿ ಇದ್ದೀತು” ಎಂದು ಸಂಶೋಧನೆಗೆ ನೆರವಾಗುತ್ತಿದ್ದಳು.

ದಿನ ಕಳೆದಂತೆ ಉಡದಾರ ಬಿಗಿಯಾಯಿತು. ನೂಲು ನೀರಿಗೆ ಕುಗ್ಗುತ್ತದೆ ಎಂದು ಅವನು ತಾಯಿಗೆ ವಿವರಿಸಿದ. ಪ್ಯಾಂಟೂ ಕುಗ್ಗಿತು, ಅಂಗಿಯೂ ಕುಗ್ಗಿತು. ಇಡೀ ತಿಂಗಳು ಆ ಮನೆಯ ನೀರಿನಲ್ಲಿ ಅಂಥದ್ದೇನೋ ಇತ್ತು.

ತಪಾಸಣೆಯ ದಿನ ಗೋಕಾಕದಲ್ಲಿ ಶಿವಪುತ್ರ ತಲೆ ಎತ್ತಿಕೊಂಡೇ ಆಸ್ಪತ್ರೆ ಹೊಕ್ಕ. ಪದ್ಮಶ್ರೀ ಚಪ್ಪಲಿ ಬಿಟ್ಟಳು, ತನ್ನ ಚೀಲವನ್ನು ಅವನ ಕೈಗೆ ಕೊಟ್ಟಳು, ಯಂತ್ರ ಹತ್ತಿದಳು. ಅವನು ಈ ಸಲವೂ ನೆಟ್ಟಗೆ ಬಾಗಿ ಓದಿದ. ಬಾಗಲು ಸ್ವಲ್ಪ ತ್ರಾಸಾಯಿತು. ಆದರೆ ಮುಳ್ಳು ಹೋದ ತಿಂಗಳು ಎಲ್ಲಿತ್ತೋ ಅಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಮುಂದೆ ಹೋಗಿರಲಿಲ್ಲ. ಶಿವಪುತ್ರನ ಮುಖ ಅರಳಿತು. ಡಾಕ್ಟರರ ಮುಖ ಗಂಟಿಕ್ಕಿತು.

“ಒಂದು ತಿಂಗಳದಾಗ ಏನೂ ಏರಿಲ್ಲ ಅಂದ್ರ ಹ್ಯಾಂಗ್ರಿ? ಕೂಸು ಬೆಳಿಯೂ ಹೊತ್ತಿದು. ಮನ್ಯಾಗ ಏನ್ ಊಟಾ ಕೊಡ್ತೀರಿ?”

“ಅಗಸಿ ಕೊಟ್ಟೇನ್ರಿ. ಕಾಳು, ಮಸರು...”

“ತುಪ್ಪ?”

“ಕೀಲಿ ಹಾಕೇನ್ರಿ.”

ಸುವರ್ಣಾ ಅವರು ಕನ್ನಡಕ ತೆಗೆದರು. ಅಗಸಿ ಒಳ್ಳೆಯದೇ, ಆದರೆ ಕಡಿಮೆ ಎಂದರೆ ಬಂದ್ ಎಂದಲ್ಲ, ಬಸುರಿ ತೂಕ ಏರಲೇಬೇಕು, ಇದನ್ನು ನೋಡಿದರೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ ಎಂದರು. ಶಿವಪುತ್ರನ ಕಣ್ಣ ಮುಂದೆ ಬೆಳಗಾವಿಯ ಗಾಡಿ, ಅಕ್ಕನ ಬಾತ ಕಾಲು ಬಂದವು. ಇವಳನ್ನು ಕಾಯಲು ಹೋಗಿ ಉಪವಾಸ ಕೆಡವಿದೆನೇ? ಪರ್ಯಾಪ್ತ, ಅಪರ್ಯಾಪ್ತ ಎಲ್ಲ ಮರೆತುಹೋಗಿ ಅವನು ಹೆಂಡತಿಯ ಕೈ ಹಿಡಿದುಕೊಂಡ. ಆ ಕೈ ಬೆವರಿರಲಿಲ್ಲ. ಬೆವರಿದ್ದು ಅವನದೇ.

ಪದ್ಮಶ್ರೀಗೆ ಅವನ ಮುಖ ನೋಡಿ ತಡೆಯಲಾಗಲಿಲ್ಲ.

“ಡಾಕ್ಟರ, ಸ್ಕ್ಯಾನ್ ಏನೂ ಬ್ಯಾಡ್ರಿ. ಹ್ವಾದ ಸಲ ಇದರ ಮ್ಯಾಲೆ ನಾ ಒಬ್ಬಾಕಿನಽ ನಿಂತಿದ್ದಿಲ್ಲ. ಇವರು ಕಾರ್ಖಾನಿಯವರಿಗೆ ಹಂಚಾಕ ಎರಡು ಕಿಲೋ ಕರದಂಟು ತಗೊಂಡಿದ್ರು. ಬಗ್ಗಿ ನೋಡಾಕ ಅಡ್ಡಾಗತೈತಿ ಅಂತ ಆ ಚೀಲ ನನ್ನ ಹೆಗಲಿಗೆ ಹಾಕಿದ್ರು.”

ಸುವರ್ಣಾ ಅವರು ಲೆಕ್ಕ ಹಾಕಿದರು. ಹೋದ ಸಲದ್ದರಲ್ಲಿ ಎರಡು ಕಿಲೋ ಕರದಂಟು ಕಳೆದರೆ, ಆ ತಿಂಗಳು ಎರಡು ಕಿಲೋ, ಈ ತಿಂಗಳು ಎರಡು ಕಿಲೋ. ಎಷ್ಟು ಏರಬೇಕೋ ಅಷ್ಟೇ ಏರಿದೆ. ಎರಡು ಸಲವೂ ಮುಳ್ಳನ್ನು ನೇರವಾಗಿಯೇ ಓದಲಾಗಿತ್ತು. ಓದುವವನು ಮುಳ್ಳಿನಿಂದ ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ಶಿವಪುತ್ರನಿಗೆ ಮೊದಲು ಜೀವ ಬಂತು, ಆಮೇಲೆ ಮಾನದ ನೆನಪಾಯಿತು. “ಅವತ್ತಽ ಹೇಳಬಾರದ?” ಎಂದ.

“ಬಾಯಿ ತಗದೆ. ಮುಳ್ಳು ಅಲುಗತೈತಿ ಅಂದ್ರಿ.”

“ಮನ್ಯಾಗರ ಹೇಳಬಾರದ?”

“ಮನ್ಯಾಗ ನೀವು ಪಣಾ ಕಟ್ಟಿದ್ರಿ. ಗೆಲ್ಲೂ ಪಣಾ ಯಾರು ಕೆಡಸ್ಕೊಂತಾರ? ಮ್ಯಾಲೆ ನನಗ ಬಸರಾದಾಗಿಂದ ತುಪ್ಪದ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ. ಆ ಟ್ರಂಕಿಗೆ ಇನ್ನೊಂದು ಕೀಲಿ ಹಾಕಿದ್ರೂ ನಾ ಬ್ಯಾಡ ಅಂತಿದ್ದಿಲ್ಲ.”

ಸುವರ್ಣಾ ಅವರು ನಗುವನ್ನು ಕರವಸ್ತ್ರಕ್ಕೆ ಒಪ್ಪಿಸಿ, ಶಿವಪುತ್ರನನ್ನು ಮೇಲಿಂದ ಕೆಳಗೆ ನೋಡಿ, ಮನೆಗೆ ಬಂದ ತುಪ್ಪ ಎಲ್ಲಿಗೆ ಹೋಯಿತೆಂದು ತಾವೇ ಕಂಡುಕೊಂಡರು. ನೀವೂ ಒಮ್ಮೆ ಹತ್ತಿ ಎಂದರು. ಲೆಕ್ಕ ತಪ್ಪಬಾರದು, ಕೀಲಿಕೈಯನ್ನೂ ತೆಗೆಯಬೇಕು ಎಂದು ಪದ್ಮಶ್ರೀ ಪಟ್ಟು ಹಿಡಿದಳು. ಉಡದಾರದ ಗಂಟು ಹೊಟ್ಟೆಯ ಮಡಿಕೆಯೊಳಗೆ ಹೂತುಹೋಗಿ ಕೈಗೆ ಸಿಗಲಿಲ್ಲ. ನರ್ಸು ಕತ್ತರಿ ತಂದಳು. ಮುಳ್ಳು ಎಲ್ಲಿಗೆ ಹೋಗಿ ನಿಂತಿತೆಂದು ಈ ಬಾರಿ ಪದ್ಮಶ್ರೀಯೇ ಓದಿದಳು. ಓರೆಯಾಗಿ ಓದಿದರೂ ಸಾಕಾಗುವಷ್ಟಿತ್ತು. ಕೀಲಿಕೈಯನ್ನು ಅವಳು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ಇನ್ನು ಮೂರು ತಿಂಗಳು ತುಪ್ಪ, ಡಾಲ್ಡಾ, ಕರಿದದ್ದು ಬೇಡ, ರೊಟ್ಟಿ, ಕಾಳು, ಸ್ವಲ್ಪ ಅಗಸಿ ಎಂದು ಡಾಕ್ಟರರ ಅಪ್ಪಣೆಯಾಯಿತು. ಹೇಳಿಸಿಕೊಂಡವರು ಪದ್ಮಶ್ರೀ ಅಲ್ಲ.

ಕಣಗಲೆಯ ಕುಬಸ ಗದ್ದಲದಿಂದ ನಡೆಯಿತು. ಹಸಿರು ಸೀರೆ, ಹಸಿರು ಬಳೆಯಲ್ಲಿ ಪದ್ಮಶ್ರೀ ಪಟ್ಟದ ರಾಣಿಯಂತಿದ್ದಳು. ಪಕ್ಕದಲ್ಲಿ ಶಿವಪುತ್ರ, ಅತ್ತೆಯ ಮನೆಯವರು ಉಡುಗೊರೆಯಾಗಿ ಆಯೇರಿ ಮಾಡಿದ ಹೊಸ ಅಂಗಿಯಲ್ಲಿ ಉಸಿರು ಹಿಡಿದು ಕುಳಿತಿದ್ದ. ಪಾಪ, ಅವರು ಅದನ್ನು ಮದುವೆಯ ಅಳತೆಗೆ ಹೊಲಿಸಿದ್ದರು.

ಎಲೆ ಹಾಕಿದರು. ಎಲ್ಲರ ಎಲೆಗೂ ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ಅಳಿಯನ ಎಲೆಗೆ ಜೋಳದ ರೊಟ್ಟಿ, ಹೆಸರುಕಾಳು, ಅಗಸಿ ಹಿಂಡಿ. ತುಪ್ಪದ ಗಿಂಡಿ ಹಿಡಿದು ಬಂದ ಸಾತವ್ವ ಅವನ ಎದುರು ಒಂದು ಗಳಿಗೆ ನಿಂತು, ಮಗಳ ಸೆರಗಿನ ಕೀಲಿಕೈ ನೋಡಿದಳು.

“ತಪ್ಪು ತಿಳಕೋಬ್ಯಾಡ್ರಿ ಅಳಿಯಾರ. ಏನ್ ನೀಡಿದ್ರೂ ಉಣ್ತೇನಿ ಅಂದೀರಂತಲ್ಲ.”

ಶಿವಪುತ್ರ ತಾಯಿಯ ಕಡೆ ತಿರುಗಿ, ಗಂಡ-ಹೆಂಡತಿಯದು ಒಂದೇ ಬಾಯಿ ಎಂದಿದ್ದೆಯಲ್ಲ ಎಂದು ನೆನಪಿಸಿದ.

“ಬಾಯಿ ಒಂದಽ, ಖರೆ” ಎಂದಳು ಅಲ್ಲವ್ವ ಹೋಳಿಗೆ ಮುರಿಯುತ್ತ. “ಹೊಟ್ಟಿ ಬ್ಯಾರೆ ಬ್ಯಾರೆ ಅಂತ ಮಿಷನ್ ಹೇಳೇತಲ್ಲ.”

ಪದ್ಮಶ್ರೀಗೆ ಕನಿಕರ ಬಂತು. ಸಾತವ್ವ ಇನ್ನೂ ಅಲ್ಲೇ ನಿಂತಿರುವಾಗಲೇ, ತನ್ನ ಎಲೆಯ ಅರ್ಧ ಹೋಳಿಗೆಯನ್ನು ಮೆಲ್ಲಗೆ ಅವನ ಎಲೆಗೆ ಸರಿಸಿದಳು. ನನ್ನದಕ್ಕೆ ತುಪ್ಪ ಹಾಕಿಸಿಕೊಂಡಿಲ್ಲ, ಬೇಕಾದರೆ ನೇರವಾಗಿ ನೋಡಿ ಎಂದಳು. ಶಿವಪುತ್ರ ರೂಢಿಯಂತೆ ನೆಟ್ಟಗೆ ಬಾಗಿ ನೋಡಿದ. ಹೊಟ್ಟೆಯ ಮೇಲಿನ ಗುಂಡಿ ಚಟ್ಟನೆ ಹಾರಿ ಸಾತವ್ವನ ಗಿಂಡಿಯೊಳಗೆ ಬಿತ್ತು.

ಅಂತೂ ಆ ದಿನ ಅವನ ಕಡೆಯಿಂದ ತುಪ್ಪದ ಮುಖ ಕಂಡದ್ದು ಆ ಗುಂಡಿಯೊಂದೇ.