ಹಂದಿಬಂಡೆಯ ಗುಟ್ಟು

ಅಕ್ಟೋಬರ್ ತಿಂಗಳ ಆ ಬುಧವಾರ ಬೆಳಿಗ್ಗೆ ಹೆಸ್ಟರ್ ಬ್ರೇಟನ್ ಹಿತ್ತಲ ಬಾಗಿಲಿಗೆ ಬಂದು, ವಿಲ್ಬರ್ ಸಿಸನ್ನನ ಕೈಗೆ ಒಂದು ಕಾಫಿ ಡಬ್ಬ ಇಟ್ಟಳು. ಮುಚ್ಚಳದ ಸುತ್ತ ಬಿಗಿಯಾಗಿ ಟೇಪು ಸುತ್ತಿತ್ತು.

“ಆರ್ಚಿ,” ಅಂದಳು.

ವಿಲ್ಬರ್ ಡಬ್ಬವನ್ನೇ ನೋಡಿದ. ಆರಡಿ ಎರಡಂಗುಲದ ಗೆಳೆಯ ಬೂದಿಯಾಗಿ ಒಂದು ಕಾಫಿ ಡಬ್ಬದೊಳಗೆ ಕೂತಿದ್ದ.

“ಇವತ್ತು ಸಂಜೆ ಐದಕ್ಕೆ ಸಮುದ್ರ ಇಳಿಯೋಕೆ ಶುರುವಾಗುತ್ತೆ,” ಅಂದಳು ಹೆಸ್ಟರ್. “ಅಣ್ಣ ನಿನಗೆ ತೋರಿಸಿದ್ದನಂತಲ್ಲ ಜಾಗ, ಅಲ್ಲಿಗೆ ಹೋಗಿ ಬಿಟ್ಟು ಬಾ. ಒಬ್ಬನೇ ಹೋಗ್ಬೇಕಂತೆ, ಒಂದು ನರಪಿಳ್ಳೆಯೂ ನೋಡಬಾರದಂತೆ. ಅದೊಂದೇ ಅವನ ಕೊನೇ ಆಸೆ. ಎಲ್ಲಿ ಅಂತ ನನಗೆ ಹೇಳಬೇಡ ಮಾರಾಯ, ನನಗೆ ಯಾಕೆ ಆ ಗುಟ್ಟು?”

ಅವಳು ಹೋದ ಮೇಲೆ ವಿಲ್ಬರ್ ಡಬ್ಬವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎದುರಿಗೆ ಕೂತ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಮಕ್ಕಳಿಲ್ಲ. ಹೆಂಡತಿ ಎಂದೋ ಬಿಟ್ಟು ಫ್ಲಾರಿಡಾ ಸೇರಿದ್ದಳು. ಇದ್ದವನು ಆರ್ಚಿ ಒಬ್ಬ, ಅವನೂ ಎರಡು ವಾರದ ಹಿಂದೆ ಕಣ್ಣು ಮುಚ್ಚಿದ.

ಅವರೂರಿನ ಗಾಳದವರ ವ್ಯವಹಾರವೇ ಬೇರೆ. ಕೊಕ್ಕೆಗೆ ಎರೆಹುಳ ಚುಚ್ಚುವವರಲ್ಲ. ಜಿಂಕೆಯ ಕೂದಲು, ಹುಂಜದ ಗರಿ ಕಟ್ಟಿ ಪುಟ್ಟ ಮೀನಿನ ಹಾಗೆ ಕಾಣುವ ‘ಫ್ಲೈ’ ತಯಾರಿಸಿ, ಸೊಂಟದ ನೀರಿನಲ್ಲಿ ನಿಂತು ಗಾಳಿಯಲ್ಲಿ ದಾರ ಬೀಸಿ ಎಸೆಯುತ್ತಾರೆ. ಮೈಮೇಲೆ ಏಳು ಕಪ್ಪು ಗೆರೆಯ ಪಟ್ಟೆಮೀನು ಸಿಕ್ಕರೆ ಅಳತೆ ಮಾಡಿ, ಫೋಟೋ ಹೊಡೆದು, ವಾಪಸ್ ನೀರಿಗೇ ಬಿಡುತ್ತಾರೆ. ತಿನ್ನುವುದಿಲ್ಲ, ಮಾರುವುದಿಲ್ಲ. ಹೀಗಾಗಿ ಅವರ ಬಳಿ ಬಚ್ಚಿಡಲು ಉಳಿದಿರುವ ಆಸ್ತಿಯೆಂದರೆ ಮೀನು ಸಿಗುವ ಜಾಗ ಮಾತ್ರ. ಅದನ್ನು ಕೇಳುವುದು, ಇನ್ನೊಬ್ಬರ ಹೆಂಡತಿಯ ವಯಸ್ಸು ಕೇಳಿದಷ್ಟೇ ಅಸಭ್ಯ.

ಅಂಥ ಆಸ್ತಿಯನ್ನು ಆರ್ಚಿ ಮೂವತ್ತೊಂದು ವರ್ಷದ ಹಿಂದೆ, ಮಂಜು ಕವಿದ ಒಂದು ಮುಂಜಾನೆ, ವಿಲ್ಬರ್‌ಗೆ ಧಾರೆಯೆರೆದಿದ್ದ. ಹಂದಿಬಂಡೆ ಅಂತ ಅವನೇ ಇಟ್ಟ ಹೆಸರು. “ನನ್ನ ಬಿಟ್ಟರೆ ಲೋಕದಲ್ಲಿ ನಿನಗೊಬ್ಬನಿಗೇ ಗೊತ್ತು ಕಣೋ. ಹುಣ್ಣಿಮೆಗೆ ಮಾತ್ರ ಬಾ, ಹೆಂಡತಿಗೂ ಹೇಳಬೇಡ,” ಅಂದಿದ್ದ. ವಿಲ್ಬರ್ ಹೇಳಲಿಲ್ಲ. ಹುಣ್ಣಿಮೆ ಬಂದಾಗಲೆಲ್ಲ ಎಲ್ಲಿಗೆ ಹೋಗುತ್ತೀಯ ಅಂತ ಕೇಳಿ ಕೇಳಿ ಸಾಕಾಗಿಯೇ ಅವಳು ಫ್ಲಾರಿಡಾದ ಬಸ್ಸು ಹತ್ತಿದ್ದು.

ಆ ಬಂಡೆಯ ಹತ್ತಿರ ಇಷ್ಟು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ನಾಲ್ಕು ಮರಿಮೀನು. ಜಾಗ ಚಿನ್ನದಂಥದು, ನನ್ನ ಕೈಯೇ ಮಣ್ಣು ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ. ಬಡವನಿಗೆ ಆ ಗುಟ್ಟೇ ದೊಡ್ಡ ಮೀನಾಗಿತ್ತು.

ಈಗ ಸಮಸ್ಯೆ ಏನಪ್ಪಾ ಅಂದರೆ, ಅಕ್ಟೋಬರಿನ ದೊಡ್ಡ ಇಳಿತದ ದಿನ ಊರಿನ ಕಣ್ಣು ತಪ್ಪಿಸಿ ಹೋಗುವುದು. ಮೀನು ದಕ್ಷಿಣಕ್ಕೆ ವಲಸೆ ಹೋಗುವ ಕಾಲ. ಯಾರು ಎತ್ತ ಹೊರಟರು ಅಂತ ಎಲ್ಲರೂ ಎಲ್ಲರನ್ನೂ ಕಾಯುತ್ತಿರುತ್ತಾರೆ. ಗಾಳದ ಕೋಲಿಲ್ಲದೆ ಹೊರಟರೆ ಇನ್ನೂ ಅನುಮಾನ. ಬೆಳಗಿನ ಕಾಫಿಗೆ ಗಸ್ ಮೆಡೀರೋಸನ ಗಾಳದ ಅಂಗಡಿಗೆ ಹೋಗದಿದ್ದರಂತೂ ತಾನೇ ಡಂಗುರ ಹೊಡೆದ ಹಾಗೆ. ಆದ್ದರಿಂದ ವಿಲ್ಬರ್ ಹೋದ. ಡಬ್ಬವನ್ನು ಕಾರಿನಲ್ಲಿ ಬಿಡಲು ಮನಸ್ಸಾಗದೆ ಕಂಕುಳಲ್ಲಿ ಇಟ್ಟುಕೊಂಡೇ ಹೋದ. ತಪ್ಪಾದದ್ದು ಅಲ್ಲೇ.

“ಓಹೋ, ಬಂದ್ಯಾ ದೇವರ ಹಾಗೆ!” ಗಸ್ ಕೂಗಿದ. “ನನ್ನ ಕಾಫಿಪುಡಿ ಖಾಲಿ. ತಾ ಇಲ್ಲಿ.”

ಹೂಂ, ಉಹೂಂ ಅನ್ನುವುದರೊಳಗೆ ಡಬ್ಬ ಗಸ್‌ನ ಕೈಸೇರಿ, ಅವನ ಉಗುರು ಟೇಪಿನ ತುದಿ ಹುಡುಕುತ್ತಿತ್ತು. ನೀರು ಕೊತಕೊತ ಕುದಿಯುತ್ತಿತ್ತು. ವಿಲ್ಬರ್ ಮೇಜಿನ ಮೇಲಿಂದ ಬಾಗಿ ಡಬ್ಬ ಕಸಿದುಕೊಂಡ ರಭಸಕ್ಕೆ ಮೂರು ಪೆಟ್ಟಿಗೆ ಕೊಕ್ಕೆ ನೆಲಕ್ಕೆ ಚೆಲ್ಲಿದವು.

“ಅದು ಕಾಫಿ ಅಲ್ಲ!”

“ಮತ್ತೇನು?” ಕೇಳಿದವರು ಮೂಲೆಯಲ್ಲಿ ಕೂತಿದ್ದ ಹಲ್ಲಿನ ಡಾಕ್ಟರ್ ಫರ್ನಾಲ್ಡ್.

“ಏನೂ ಇಲ್ಲ.”

ಗಾಳದವರ ಭಾಷೆಯಲ್ಲಿ ‘ಏನೂ ಇಲ್ಲ’ ಅಂದರೆ ‘ಬೇಕಾದಷ್ಟಿದೆ’ ಅಂತ. ಗಸ್, ಡಾಕ್ಟರು ಮುಖ ಮುಖ ನೋಡಿಕೊಂಡರು.

“ಹೊಸ ಫ್ಲೈ ಕಟ್ಟಿದ್ದಾನೆ ಡಾಕ್ಟ್ರೇ, ಟೇಪು ಹಾಕಿ ತರುವಷ್ಟು ಗುಟ್ಟಿನದು,” ಅಂದ ಗಸ್. “ಸಂಜೆ ಎತ್ತ ಕಡೆಗೆ, ವಿಲ್ಬರ್?”

“ಎಲ್ಲೂ ಇಲ್ಲ. ಸೊಂಟ ನೋವು. ಮನೇಲೇ ಇರ್ತೀನಿ.”

“ನಾನೂ ಎಲ್ಲೂ ಹೋಗಲ್ಲಪ್ಪ,” ಅಂದರು ಡಾಕ್ಟರು. “ಸಾಯಂಕಾಲ ಪೂರ್ತಿ ಪೇಷೆಂಟುಗಳು.”

“ನಾನು ಮೂರಕ್ಕೇ ಅಂಗಡಿ ಮುಚ್ತೀನಿ. ಅತ್ತೆಗೆ ಹುಷಾರಿಲ್ಲ,” ಅಂದ ಗಸ್. ಅವನ ಅತ್ತೆ ತೀರಿಕೊಂಡು ಆರು ವರ್ಷ ಆಗಿದ್ದನ್ನು ವಿಲ್ಬರ್ ಬಲ್ಲ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ. ಇಬ್ಬರೂ ತನ್ನ ಬೆನ್ನು ಹತ್ತುತ್ತಾರೆ ಅನ್ನುವುದು ಖಾತ್ರಿಯಾಯಿತು.

ಸರಿ, ಕಣ್ಣಿಗೆ ಮಣ್ಣೆರಚಬೇಕು. ಮೂರೂವರೆಗೆ ಹೊರಟ ವಿಲ್ಬರ್, ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ದೀಪಸ್ತಂಭದ ಕಡೆ ಕಾರು ಬಿಟ್ಟ. ಅಲ್ಲಿ ಇಳಿದು, ಎದೆವರೆಗಿನ ರಬ್ಬರ್ ಪೋಷಾಕು ತೊಟ್ಟು, ಕೋಲು ಹಿಡಿದು, ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಕಾಡುಗುಲಾಬಿಯ ಪೊದೆಗಳ ನಡುವೆ ಬಗ್ಗಿ ನಡೆದ. ಮೋಡ ಕವಿದಿತ್ತು. ಸಮುದ್ರ ತಣ್ಣಗಿನ ಸೀಸದ ಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ಹೀಗೆ ಕಣ್ಣು ತಪ್ಪಿಸಿ ನಡೆಯುವಾಗ ಮುಂದೆ ಆರ್ಚಿ ಕೆಮ್ಮುತ್ತಾ ಹೋಗುತ್ತಿದ್ದ. ಈಗ ಮುಂದೆ ಯಾರೂ ಇಲ್ಲವಲ್ಲ ಅನ್ನುವಾಗ ಪೊದೆಯೊಳಗಿಂದ ಯಾರೋ ಸೀನಿದರು.

ಪಾದ್ರಿ ಆಲ್ಮಿ! ಎದೆವರೆಗೆ ರಬ್ಬರ್ ಪೋಷಾಕು, ಮೇಲೆ ಪಾದ್ರಿಗಳ ಬಿಳಿ ಕೊರಳಪಟ್ಟಿ, ಕೈಯಲ್ಲಿ ಬಿಸ್ಕತ್ತಿನ ತಗಡಿನ ಪೆಟ್ಟಿಗೆ.

“ಪಾದ್ರಿಗಳೇ, ಇಲ್ಲೇನು?”

“ಹಕ್ಕಿ ನೋಡ್ತಿದ್ದೆ,” ಅಂದರು ಪಾದ್ರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೋಲನ್ನು ಬೆನ್ನ ಹಿಂದೆ ಸರಿಸಿದರು. ಒಂಬತ್ತಡಿ ಕೋಲು ತಲೆಯ ಮೇಲೆ ಅರ್ಧ ಕಾಣುತ್ತಲೇ ಇತ್ತು. “ನೀನೇನಪ್ಪ, ಸೊಂಟ ನೋವು ಅಂತ ಕೇಳ್ದೆ?”

“ನಡೆದ್ರೆ ಸರಿಹೋಗುತ್ತೆ ಅಂದ್ರು.”

“ಯಾವ ಕಡೆ ನಡೀತೀಯ?”

“ಹಿಂದಕ್ಕೆ.”

ಇಬ್ಬರೂ ಒಬ್ಬರಿಗೊಬ್ಬರು ದೇವರು ಒಳ್ಳೆಯದು ಮಾಡಲಿ ಅಂತ ಹಾರೈಸಿ, ವಿರುದ್ಧ ದಿಕ್ಕಿಗೆ ಹತ್ತು ಹೆಜ್ಜೆ ಹಾಕಿ, ಪೊದೆಗಳ ಮರೆಯಲ್ಲಿ ಕೂತು ಕಾದರು. ಮೊದಲು ಎದ್ದವನು ವಿಲ್ಬರ್. ಕಾರಿಗೆ ಓಡಿ, ಊರು ಸುತ್ತು ಹಾಕಿ, ಕ್ರಾನ್‌ಬೆರಿ ಹಣ್ಣಿನ ತೋಟದ ಹಿಂದಿನ ಮಣ್ಣುದಾರಿ ಹಿಡಿದ. ಅಲ್ಲಿ ಪೈನ್ ಮರದ ಕೆಳಗೆ ಕೊಂಬೆ ಮುಚ್ಚಿ ನಿಲ್ಲಿಸಿದ್ದ ಡಾಕ್ಟರ ಕಾರು ಕಂಡಿತು. ಪೇಷೆಂಟುಗಳಂತೆ ಪೇಷೆಂಟುಗಳು! ಸತ್ತವನ ಕೊನೆಯ ಆಸೆಯನ್ನೂ ನಡೆಸಿಕೊಡಲು ಬಿಡದ ಈ ಜನಕ್ಕೆ ಅವನು ಮನಸ್ಸಿನಲ್ಲೇ ಹಿಡಿಶಾಪ ಹಾಕಿದ. ಆದರೆ ಗಂಟೆ ಐದಾಗುತ್ತಿತ್ತು, ಕಾಯುವಂತಿರಲಿಲ್ಲ.

ಹಂದಿಬಂಡೆ ದಡದಿಂದ ಅರವತ್ತು ಗಜ. ನಡುವೆ ಸೊಂಟದ ನೀರಿನ ಒಂದು ಕಾಲುವೆ, ತಳದಲ್ಲಿ ಪಾಚಿಗಟ್ಟಿದ ಕಲ್ಲು. ಬಂಡೆಯವರೆಗೆ ಬಂದವನು ಹತ್ತುವ ಮುಂಚೆ ಡಬ್ಬವನ್ನು ಚೀಲದಿಂದ ತೆಗೆದು ಎದೆಗೆ ಒತ್ತಿಕೊಂಡ. “ಬಂದ್ವಿ ಆರ್ಚಿ,” ಅಂದ. ಅಷ್ಟರಲ್ಲಿ ಕಾಲು ಜಾರಿತು.

ನೀರು ಕುಡಿದು, ಕೆಮ್ಮಿ, ಎದ್ದು ನಿಲ್ಲುವಷ್ಟರಲ್ಲಿ ಆರ್ಚಿ ಇಳಿತದ ಜೊತೆ ದೂರದ ಮಾರ್ಟಿನಿಕ್ ದ್ವೀಪಕ್ಕೆ ಹೊರಟವನ ಹಾಗೆ ತೇಲುತ್ತಾ ಹೋಗುತ್ತಿದ್ದ. ಈಜೋಣವೆಂದರೆ ಪೋಷಾಕಿನ ತುಂಬ ನೀರು. ಕೈಯಲ್ಲಿ ಉಳಿದಿದ್ದು ಕೋಲು. ವಿಲ್ಬರ್ ದಾರ ಬಿಚ್ಚಿ ಬೀಸಿದ. ಮೊದಲ ಬಾರಿ ಅವನ ಟೋಪಿಯೇ ಸಿಕ್ಕಿಕೊಂಡಿತು. ಎರಡನೆಯದಕ್ಕೆ ಒಂದು ಹಿಡಿ ಪಾಚಿ. ಮೂರನೆಯ ಎಸೆತ ಮಾತ್ರ ಅವನ ಜೀವಮಾನದಲ್ಲೇ ಕಂಡಿರದಂಥದು. ದಾರ ನೀಳವಾಗಿ ಹಾರಿ, ಕೊಕ್ಕೆ ಡಬ್ಬದ ಟೇಪಿಗೆ ನಾಟಿತು. ಕೋಲು ಬಾಗಿತು. ವಿಲ್ಬರ್ ಅಳುತ್ತಾ ಗೆಳೆಯನನ್ನು ಎಳೆಯತೊಡಗಿದ.

“ನಿಧಾನ, ನಿಧಾನ! ದಾರ ಬಿಡು! ಎಷ್ಟು ದೊಡ್ಡದು ಮಾರಾಯ?” ಹಿಂದಿನಿಂದ ಡಾಕ್ಟರು ಕೂಗಿದರು.

ತಿರುಗಿ ನೋಡಿದರೆ ಡಾಕ್ಟರು ಸೊಂಟಮಟ್ಟದ ನೀರಲ್ಲಿ. ಅವರ ಹಿಂದೆ ಏದುಸಿರು ಬಿಡುತ್ತಾ ಪಾದ್ರಿ. ಬಂಡೆಯ ಆಚೆ ಬದಿಯಿಂದ ಆಮೆಯ ಹಾಗೆ ತಲೆ ಎತ್ತಿದವನು ಗಸ್.

ವಿಲ್ಬರ್‌ನ ತಾಳ್ಮೆಯ ಕಟ್ಟೆ ಒಡೆಯಿತು. ಡಬ್ಬ ಎತ್ತಿ ಹಿಡಿದು ಕಿರುಚಿದ: “ಮೀನಲ್ಲ ಕಣ್ರೋ ಪಾಪಿಗಳಾ! ಇದು ಆರ್ಚಿ! ನನ್ನ ಆರ್ಚಿ! ಒಬ್ಬನೇ ಬಾ ಅಂದಿದ್ದ, ಅದನ್ನೂ ಹಾಳು ಮಾಡಿದ್ರಲ್ಲ!”

ಡಾಕ್ಟರು ಪೋಷಾಕಿನ ಎದೆಯೊಳಗೆ ಕೈಹಾಕಿ ಒಂದು ಉಪ್ಪಿನಕಾಯಿ ಬಾಟಲಿ ತೆಗೆದರು.

“ಇದೂ ಆರ್ಚಿ,” ಅಂದರು ಸಣ್ಣ ದನಿಯಲ್ಲಿ.

ಪಾದ್ರಿ ಬಿಸ್ಕತ್ತಿನ ಪೆಟ್ಟಿಗೆ ತೋರಿಸಿದರು. ಗಸ್ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಬಂಡೆಯ ಮೇಲಿಟ್ಟ.

“‘ನಿನಗೊಬ್ಬನಿಗೇ ಗೊತ್ತು’ ಅಂತ ನನಗೂ ಅಂದಿದ್ದ,” ಅಂದ ಗಸ್. “ಹತ್ತೊಂಬತ್ತು ವರ್ಷ ಆಯ್ತು. ಅಮಾವಾಸ್ಯೆ ದಿನ ಮಾತ್ರ ಬಾ ಅಂತಿದ್ದ.”

“ನನಗೆ ಸೋಮವಾರ,” ಅಂದರು ಪಾದ್ರಿ. “ಭಾನುವಾರದ ಪ್ರಾರ್ಥನೆಯ ಪುಣ್ಯ ಸೋಮವಾರ ಕೈಗೂಡುತ್ತೆ ಅಂದಿದ್ದ.”

“ನನಗೆ ಉತ್ತರದ ಗಾಳಿ ಬೀಸಿದ್ರೆ ಮಾತ್ರ,” ಅಂದರು ಡಾಕ್ಟರು.

ವಿಲ್ಬರ್ ತನ್ನ ಹುಣ್ಣಿಮೆಯ ಸಂಗತಿ ಹೇಳಲಿಲ್ಲ. ಮೂವತ್ತೊಂದು ವರ್ಷ ಎದೆಯಲ್ಲಿಟ್ಟು ಸಾಕಿದ್ದು ಊರಿನ ಬಾವಿಯಾಗಿತ್ತು.

“ಇರಲಿ. ಹೆಸ್ಟರ್ ನಾಲ್ಕು ಪಾಲು ಮಾಡಿದ್ದಾಳೆ. ಕೂಡಿಯೇ ಬಿಡೋಣ,” ಅಂತ ಪಾದ್ರಿ ಸಮಾಧಾನ ಹೇಳಿ ಮುಚ್ಚಳ ತೆಗೆದರು. ಡಾಕ್ಟರು ಬಾಟಲಿ ಬಗ್ಗಿಸಿದರು. ಬೂದಿಯ ಜೊತೆ ಬಂಡೆಯ ಮೇಲೆ ಟಣ್ ಅಂತ ಬಿದ್ದದ್ದು ಒಂದು ತುಕ್ಕು ಹಿಡಿದ ಮೊಳೆ. ಡಾಕ್ಟರು ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಗಸ್ ಮೂಸಿ ನೋಡಿದ.

“ಓಕ್ ಸೌದೆ,” ಅಂದ ಗಸ್.

“ಮೂವತ್ತು ವರ್ಷ ಹಲ್ಲು, ಮೂಳೆ ನೋಡಿದವನು ನಾನು,” ಅಂದರು ಡಾಕ್ಟರು. “ಇದರಲ್ಲಿ ಮನುಷ್ಯ ಇಲ್ಲ.”

ಮುಸ್ಸಂಜೆಗೆ ನಾಲ್ವರೂ ಒದ್ದೆ ಪೋಷಾಕಿನಲ್ಲೇ ಹೆಸ್ಟರಳ ಅಂಗಳದಲ್ಲಿ ನಿಂತಿದ್ದರು. ಅವಳ ಜಗಲಿಯಲ್ಲೂ ಒಂದು ರಬ್ಬರ್ ಪೋಷಾಕು ತೊಟ್ಟಿಕ್ಕುತ್ತಿತ್ತು. ಬಾಗಿಲು ತೆರೆದ ಕೈಯ ಹೆಬ್ಬೆರಳನ್ನು ನಾಲ್ವರೂ ಒಟ್ಟಿಗೇ ನೋಡಿದರು. ಪಟ್ಟೆಮೀನಿನ ಕೆಳದವಡೆ ಉಪ್ಪುಕಾಗದದ ಹಾಗೆ. ಅದನ್ನು ಹಿಡಿದೇ ಮೀನನ್ನು ಎತ್ತಬೇಕು. ಒಂದೆರಡು ಹಿಡಿದರೆ ಬೆರಳು ಒರಟಾಗುತ್ತದೆ ಅಷ್ಟೆ. ಹೆಸ್ಟರಳ ಹೆಬ್ಬೆರಳು ಸಿಪ್ಪೆ ಸುಲಿದು ಕೆಂಪಗಿತ್ತು.

“ಇಪ್ಪತ್ತಾದ್ರೂ ಹಿಡಿದಿದ್ದಾಳೆ,” ಗಸ್ ಪಿಸುಗುಟ್ಟಿದ.

“ಇಪ್ಪತ್ತಾರು,” ಅಂದಳು ಹೆಸ್ಟರ್. “ನನ್ನ ಮೇಲೆ ರೇಗಬೇಡಿ. ವರ್ಷದ ಒಳ್ಳೇ ಇಳಿತ, ಇವರನ್ನ ಒಂದೇ ಕಡೆ ಕಟ್ಟಿ ಹಾಕದಿದ್ರೆ ದಡವೆಲ್ಲ ಅಲೀತಾರೆ, ನನ್ನ ಅಸಲಿ ಜಾಗ ಕಂಡುಹಿಡೀತಾರೆ ಅಂತ ಅಣ್ಣನೇ ಹೇಳಿ ಹೋಗಿದ್ದ. ಅವನನ್ನ ಅಲ್ಲೇ ಬಿಟ್ಟು ಬಂದೆ. ನೆಮ್ಮದಿಯಾಗಿ ಹೋದ.”

ಅಂದರೆ ಬದುಕಿದ್ದಾಗ ನಾಲ್ವರ ಮೂಗಿಗೂ ತುಪ್ಪ ಸವರಿದ್ದವನು ಸತ್ತ ಮೇಲೂ ಬಿಟ್ಟಿರಲಿಲ್ಲ. ಮೂವರು ಗೊಣಗುತ್ತಾ ಗೇಟಿನತ್ತ ನಡೆದರು. ವಿಲ್ಬರ್ ಮಾತ್ರ ನಿಂತ.

“ಹೆಸ್ಟರ್, ನನಗೆ ಮೀನು ಬೇಡ. ಅವನನ್ನ ಎಲ್ಲಿ ಬಿಟ್ಟೆ ಅಷ್ಟು ಹೇಳು. ಒಂದು ಸಲ ಹೋಗಿ ಟೋಪಿ ತೆಗೆದು ನಿಂತು ಬರ್ತೀನಿ. ಅವನು ಬಿಟ್ರೆ ನನಗೆ ಯಾರಿದ್ರು ಹೇಳು?”

ಹೆಸ್ಟರ್ ಅವನನ್ನು ನೋಡಿದಳು, ಅವನ ಕೈಯಲ್ಲಿದ್ದ ಕೋಲನ್ನೂ ನೋಡಿದಳು. ಗೇಟಿನ ಕಡೆ ಕಣ್ಣು ಹಾಯಿಸಿ, ಬಾಯಿ ಅವನ ಕಿವಿಗೆ ತಂದಳು.

“ಕ್ರಾನ್‌ಬೆರಿ ಕೊಲ್ಲಿಯ ಹಳೇ ಕಟ್ಟೆಯಿಂದ ಎಡಕ್ಕೆ ಮೂರನೇ ಕಲ್ಲು. ನಿನಗೊಬ್ಬನಿಗೇ ಹೇಳ್ತಿರೋದು ಕಣೋ. ಅವರಿಗೆ ಹೇಳಬೇಡ.”

ವಿಲ್ಬರ್‌ನ ಕಣ್ಣು ತುಂಬಿ ಬಂತು. ಅವಳ ಕೈ ಅದುಮಿ, ಹಗುರಾದ ಹೆಜ್ಜೆಯಲ್ಲಿ ಗೇಟಿಗೆ ಬಂದ. ಅಷ್ಟರಲ್ಲಿ ಪಾದ್ರಿಗಳು, “ಪಾಪ, ಅವಳ ಜೊತೆ ಒಂದು ಪ್ರಾರ್ಥನೆ ಮಾಡಿ ಬರ್ತೀನಿ,” ಅಂತ ಒಳಕ್ಕೆ ಹೋದರು. ಎರಡು ನಿಮಿಷಕ್ಕೆ ತುಟಿ ಬಿಗಿದು, ಯಾರ ಕಣ್ಣನ್ನೂ ನೋಡದೆ, ಒಳಗೊಳಗೇ ಬೆಳಗುತ್ತಾ ಹೊರಬಂದರು. ಆ ಮುಖ ವಿಲ್ಬರ್‌ಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತೊಂದು ವರ್ಷ ಅವನು ಕನ್ನಡಿಯಲ್ಲಿ ನೋಡಿಕೊಂಡಿದ್ದು ಅದನ್ನೇ.